ಟೀ ಡಬ್ಬದಲ್ಲಿ ಬಂದ ಕೇಕಿನ ವಾಸನೆ

ಅಬುಧಾಬಿಯ ಹೊರವಲಯದ ಮುಸಫ್ಫಾದ ಶಾಬಿಯಾದಲ್ಲಿ ನಾವಿದ್ದ ದಿನಗಳಲ್ಲಿ ನನ್ನ ಬೆಳಗು ನಾಲ್ಕೂಮುಕ್ಕಾಲಿಗೆ ಶುರುವಾಗುತ್ತಿತ್ತು. ಐದೂವರೆಗೆ ಗಂಡನ ಕಂಪನಿಯ ವ್ಯಾನು ಕೆಳಗೆ ಬಂದು ನಿಲ್ಲುತ್ತಿತ್ತು; ಆ ಡ್ರೈವರು ಎರಡು ನಿಮಿಷಕ್ಕಿಂತ ಹೆಚ್ಚು ಕಾಯುವವನಲ್ಲ. ಅಷ್ಟರೊಳಗೆ ಗಂಡನ ಡಬ್ಬಿಗೆ ಕುಚ್ಚಲಕ್ಕಿ ಅನ್ನ ಮತ್ತು ಮೀನಿನ ಸಾರು, ಮಗಳ ಡಬ್ಬಿಗೆ ಚಪಾತಿಯೊಳಗೆ ಸುತ್ತಿದ ಮೊಟ್ಟೆ ಆಗಬೇಕು. ಆ ದಿನವೂ ಅಷ್ಟೇ. ವ್ಯತ್ಯಾಸವೆಂದರೆ ಹಾಲ್‌ನ ದೀಪ ಹಾಕದೆ, ಪಾತ್ರೆ ಸದ್ದಾಗದಂತೆ, ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ ಓಡಾಡುತ್ತಿದ್ದೆವು. ಹಾಲ್‌ನ ಸೋಫಾದ ಮೇಲೆ ನೆಂಟ ಮಲಗಿದ್ದ.

ಅವನು ನನ್ನ ಗಂಡನ ಸೋದರಮಾವನ ಮಗ. ನಲವತ್ತು ದಾಟಿದವನು, ಕೆನಡಾದಲ್ಲಿ ಬ್ಯಾಂಕಿನ ಕೆಲಸ, ಚರ್ಚಿನ ಕಾಯರಿನಲ್ಲಿ ಹಾಡುವವನು. ತಂಗಿಯ ಮಗಳ ಮದುವೆಗೆಂದು ಮಂಗಳೂರಿಗೆ ಹೊರಟವನು ದಾರಿಯಲ್ಲಿ ನಮ್ಮಲ್ಲಿ ಎರಡು ದಿನ ಉಳಿಯಲು ಬಂದಿದ್ದ. ಹಿಂದಿನ ಸಂಜೆ ಗಂಡ ದುಬೈ ಏರ್‌ಪೋರ್ಟಿಗೆ ಹೋಗಿ ಕರೆತಂದಿದ್ದರು. ಹದಿಮೂರು ತಾಸಿನ ವಿಮಾನದ ನಿದ್ದೆಗಣ್ಣಿನಲ್ಲೇ ಒಂದು ಬ್ಯಾಗನ್ನು ನಮ್ಮ ಊಟದ ಮೇಜಿನ ಮೇಲೆ ಬುಡಮೇಲು ಮಾಡಿ, "ಇದೆಲ್ಲ ನಿಮಗೆ ವೊನಿ," ಎಂದು ಹೇಳಿ ಮಲಗಿಬಿಟ್ಟಿದ್ದ. ನಮ್ಮ ಮನೆಮಾತು ಕೊಂಕಣಿ. ಕಿರಿಯ ಗಂಡಸರನ್ನು ನಮ್ಮಲ್ಲಿ ಬಾಬ, ಅಣ್ಣನ ಹೆಂಡತಿಯನ್ನು ವೊನಿ ಎನ್ನುತ್ತಾರೆ. ಒಂಬತ್ತು ವರ್ಷಗಳ ನಂತರ ಆ ಕರೆ ಕೇಳಿ ನನಗೆ ಖುಷಿಯೇ ಆಗಿತ್ತು.

ಮಗಳ ಶಾಲಾ ಬಸ್ಸು ಹೋದ ಮೇಲೆ ಮೇಜನ್ನು ಓರಣ ಮಾಡಲು ಕೂತೆ. ಚಾಕೊಲೇಟು, ಬಿಸ್ಕತ್ತು, ವಿಟಮಿನ್ ಬಾಟಲಿ, ಎರಡು ಟವೆಲು, ಮೂರು ಟೀ ಡಬ್ಬ. ಒಂದೊಂದನ್ನೂ ಕನ್ನಡಕ ಹಾಕಿಕೊಂಡು ಓದಿದೆ. ಇದು ನನ್ನ ಚಟ. ಕಾನ್ವೆಂಟಿನ ಸಿಸ್ಟರುಗಳು ಔಷಧಿ ಬಾಟಲಿಯಿಂದ ಹಿಡಿದು ಬಸ್ಸಿನ ಟಿಕೆಟಿನ ತನಕ ಅಚ್ಚಾದದ್ದನ್ನೆಲ್ಲ ಓದಿಯೇ ಮುಟ್ಟಬೇಕು ಎಂದು ಕಲಿಸಿದ್ದರು. ಗಲ್ಫಿಗೆ ಬಂದ ಮೇಲೆ ಆ ಚಟಕ್ಕೆ ಭಯವೂ ಸೇರಿಕೊಂಡಿತು. ಕಾರಣ ಗಸಗಸೆ. ನಮ್ಮ ಅಡುಗೆಯ ಗಸಗಸೆ ಈ ದೇಶದಲ್ಲಿ ಮಾದಕವಸ್ತುವಿನ ಲೆಕ್ಕ, ಒಂದು ಚಮಚ ಸಿಕ್ಕಿದರೂ ಜೈಲು ಎಂದು ಬಂದ ಮೊದಲ ವಾರವೇ ಗಂಡ ಹೆದರಿಸಿದ್ದರು. ಅಂದಿನಿಂದ ಊರಿಂದ ಬರುವ ಪ್ರತಿ ಮಸಾಲೆ ಪೊಟ್ಟಣವನ್ನೂ ಬಿಳಿ ತಟ್ಟೆಯಲ್ಲಿ ಸುರಿದು, ಬೆರಳಲ್ಲಿ ಕೆದಕಿ ನೋಡುತ್ತಿದ್ದೆ. ಒಮ್ಮೆ ಅತ್ತೆ ಪ್ರೀತಿಯಿಂದ ಹುರಿದು ಪುಡಿ ಮಾಡಿಟ್ಟ ಕೋಳಿ ಮಸಾಲೆಯನ್ನು, ಗಸಗಸೆ ಹಾಕಿದ್ದರೋ ಇಲ್ಲವೋ ಎಂದು ಅವರಿಗೇ ನೆನಪಾಗದೆ ಹೋದದ್ದಕ್ಕೆ, ಮಂಗಳೂರಿನ ಏರ್‌ಪೋರ್ಟಿಗೆ ಹೊರಡುವ ಹೊತ್ತಿನಲ್ಲಿ ತೋಟದ ಮೂಲೆಗೆ ಸುರಿದು ಬಂದವಳು ನಾನು. ಅತ್ತೆ ಒಂದು ತಿಂಗಳು ಫೋನಿನಲ್ಲಿ ಸರಿಯಾಗಿ ಮಾತಾಡಿರಲಿಲ್ಲ.

ಅಂಥವಳು ಆ ನೇರಳೆ ಬಣ್ಣದ ಟೀ ಡಬ್ಬವನ್ನು ತೆರೆದೆ. ಮೇಲೆ ಬೆರ್ರಿ ಹಣ್ಣಿನ ಚಿತ್ರ, ವೆನಿಲ್ಲಾ ಹೂವಿನ ಚಿತ್ರ. ಅಂಚಿನ ಅಂಟುಪಟ್ಟಿ ಮೊದಲೇ ಬಿಚ್ಚಿತ್ತು. ಒಳಗೆ ಟೀ ಪುಡಿ ಇರಲಿಲ್ಲ. ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ ತಿಳಿಹಸಿರಿನ ಗಟ್ಟಿ ಉಂಡೆಗಳಿದ್ದವು. ಒಂದೊಂದು ನೆಲ್ಲಿಕಾಯಿಯಷ್ಟು. ಒಣಗಿದ ಹೂಗೊಂಚಲಿನ ಹಾಗೆ ಸುರುಟಿಕೊಂಡು, ನಡುನಡುವೆ ಕಿತ್ತಳೆ ಬಣ್ಣದ ಕೂದಲಿನಂಥ ಎಳೆಗಳು, ಮೈತುಂಬ ಬಿಳಿಯ ಹರಳು. ಕ್ರಿಸ್ಮಸ್ಸಿಗೆ ನಾವು ಮಾಡುವ ಕಿಡಿಯೊ ಎಂಬ ಕರಿದ ತಿಂಡಿಯನ್ನು ಸಕ್ಕರೆಯಲ್ಲಿ ಹೊರಳಿಸಿದರೆ ಹಾಗೆ ಕಾಣುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಿತು.

ಮೂಸಿದೆ. ಮೊದಲು ಬಂದದ್ದು ವೆನಿಲ್ಲಾ. ಸುಳ್ಳು ಹೇಳಲಾರೆ, ಮೊದಲ ಉಸಿರಿಗೆ ಅದು ಒಲೆಗೆ ಆಗಷ್ಟೇ ಇಟ್ಟ ಕೇಕಿನ ವಾಸನೆಯೇ. ಬೆಣ್ಣೆ, ಸಕ್ಕರೆ, ಹಸಿ ಹಿಟ್ಟು. ಎರಡನೆಯ ಉಸಿರಿಗೆ ಅದರಡಿಯಿಂದ ಬೇರೊಂದು ಎದ್ದು ಬಂತು: ಸೀಮೆಎಣ್ಣೆ, ಬೆವರಿದ ಕಂಕುಳು, ಮಳೆಗಾಲದಲ್ಲಿ ಒಣಗದೆ ಮುಗ್ಗಿದ ಗೋಣಿ. ಡಬ್ಬವನ್ನು ದೂರ ಹಿಡಿದೆ. ಆದರೆ ದೂರದಿಂದ ಹೊತ್ತು ತಂದ ಉಡುಗೊರೆಗೆ ಮುಖ ಸಿಂಡರಿಸಬಾರದೆಂದು ನನ್ನನ್ನು ನಾನೇ ಗದರಿಕೊಂಡೆ. ಪರದೇಶದ ಟೀಗಳು ಹೀಗೆಯೇ ಇರಬಹುದು. ಮಲ್ಲಿಗೆ ಟೀ ಕುಡಿದಾಗಲೂ ನನಗೆ ಸಾವಿನ ಮನೆಯ ನೆನಪಾಗಿತ್ತಲ್ಲ.

ಚೀಲದ ಜೊತೆ ಒಂದು ದಪ್ಪ ಕಾಗದದ ಚೀಟಿಯಿತ್ತು. ಅಂದದ ಇಂಗ್ಲಿಷು, ಮೂಲೆಯಲ್ಲಿ ಏಪ್ರನ್ ಕಟ್ಟಿ ಕೇಕು ಹಿಡಿದ ಮುದುಕಿಯ ಚಿತ್ರ. ಹೆಸರು ಗ್ರ್ಯಾನೀಸ್ ಫ್ರಾಸ್ಟಿಂಗ್. ಅಜ್ಜಿ ಕೇಕಿನ ಮೇಲೆ ಹಚ್ಚುವ ಕ್ರೀಮು ಎಂದು ಅರ್ಥ ಮಾಡಿಕೊಂಡೆ. ಕೆಳಗೆ ಬರೆದಿತ್ತು: ಹೈಬ್ರಿಡ್ ಜಾತಿ. ಸುವಾಸನೆಯಲ್ಲಿ ವೆನಿಲ್ಲಾ, ಬೆಣ್ಣೆಕ್ರೀಮು, ಹಸಿ ಕೇಕಿನ ಹಿಟ್ಟು, ಹಿಂದಿನಿಂದ ತುಸು ಬೆರ್ರಿ. ರುಚಿ ಊಟದ ಕೊನೆಯ ಸಿಹಿಯಂತೆ. ಮೈಗೆ ಆರಾಮ, ಮನಸ್ಸಿಗೆ ಹಗುರ, ಒಳ್ಳೆಯ ಹಸಿವು, ಗಾಢ ನಿದ್ದೆ. ಸಂಜೆಗೆ ಸೂಕ್ತ. ಎಲ್ಲಿಯೂ ಗಿಡದ ಹೆಸರಿಲ್ಲ. ಅಂಗಡಿಗೆ ಬರುವವರಿಗೆ ಅದು ಗೊತ್ತಿರುತ್ತದೆ ಎಂಬ ಧೈರ್ಯವಿರಬೇಕು. ಹೈಬ್ರಿಡ್ ಎಂದರೆ ನನಗೆ ಟೊಮೆಟೊ, ದಾಸವಾಳ. ಕಸಿ ಮಾಡಿದ ಯಾವುದೋ ಹೂವಿನ ಟೀ ಎಂದುಕೊಂಡೆ. ಮದ್ಯ ಸೇರಿದೆಯೇ ಎಂದು ಚೀಟಿಯ ಹಿಂದೆ ಮುಂದೆ ಹುಡುಕಿದೆ, ಇರಲಿಲ್ಲ. ಅದನ್ನು ಹುಡುಕಲು ಕಾರಣ ನನ್ನ ಎದುರುಮನೆ.

ಎದುರುಮನೆಯವರು ಉಡುಪಿ ಕಡೆಯ ಬ್ಯಾರಿ ಮುಸ್ಲಿಮರು. ಆಕೆ ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಅಕ್ಕಾ ಎನ್ನುತ್ತಿದ್ದೆ, ಅವರು ನನ್ನನ್ನು, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ನಮ್ಮೂರ ರೂಢಿಯಂತೆ, ಬಾಯಮ್ಮ ಎನ್ನುತ್ತಿದ್ದರು. ಅವರ ಮಗನ ಹುಟ್ಟುಹಬ್ಬದ ಕೇಕು ಪ್ರತಿವರ್ಷ ನನ್ನದೇ. ಬಾಟಲಿಯ ವೆನಿಲ್ಲಾ ಎಸೆನ್ಸಿನಲ್ಲಿ ಮದ್ಯದ ಅಂಶ ಇರುತ್ತದೆಂದು ತಿಳಿದ ಮೇಲೆ ಅವರಿಗಾಗಿ ವೆನಿಲ್ಲಾ ಪುಡಿಯನ್ನೇ ಬೇರೆ ತಂದಿಟ್ಟಿದ್ದೆ. ಬೇರೆ ಚಮಚ, ಬೇರೆ ತಟ್ಟೆ. ಅಷ್ಟು ಜೋಪಾನ.

ಎಂಟು ಗಂಟೆಗೆ ಅವರೇ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿ ಪತ್ತಿರ್, ಅಕ್ಕಿಯ ತೆಳ್ಳನೆ ರೊಟ್ಟಿ.

"ನೆಂಟರು ಬಂದಿದ್ದಾರಂತಲ್ಲ ಬಾಯಮ್ಮ. ಕೆನಡಾದವರು ಇದೆಲ್ಲ ತಿಂತಾರಾ, ಇಲ್ಲ ಫೋರ್ಕ್ ಬೇಕಾ?"

"ಕೈಯಲ್ಲೇ ತಿಂತಾರೆ ಅಕ್ಕಾ, ಅಲ್ಲಿ ಸಿಕ್ಕುದಿಲ್ಲ ಪಾಪ. ನಿಮ್ಮವರು ಮಲಗಿದ್ರಾ?"

"ಎಲ್ಲಿ ಮಲಗುದು? ಕರ್ಟನ್ ಎಳೆದು, ಕಣ್ಣಿಗೆ ಟವೆಲ್ ಕಟ್ಟಿ, ಸತ್ತ ಮೀನಿನ ಹಾಗೆ ಬಿದ್ದುಕೊಂಡಿದ್ದಾರೆ. ಕಣ್ಣು ಮಾತ್ರ ತೆರೆದೇ ಉಂಟು. ಎರಡು ಗಂಟೆಗೆ ಪುನಃ ಡ್ಯೂಟಿ."

ಅವರ ಗಂಡ ತೈಲ ಘಟಕವೊಂದರ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಪಾಳಿ ಬದಲಾದಾಗಿನಿಂದ ಹಗಲು ನಿದ್ದೆ ಬರುತ್ತಿರಲಿಲ್ಲ. ಮಾತ್ರೆ ನುಂಗುವಂತಿಲ್ಲ. ಆ ಕಂಪನಿಯಲ್ಲಿ ಹೇಳದೆ ಕೇಳದೆ ಮೂತ್ರ ಪರೀಕ್ಷೆ ಮಾಡುತ್ತಾರೆ. ಕೆಮ್ಮಿನ ಸಿರಪ್ಪು ಕುಡಿದು ಸಿಕ್ಕಿಬಿದ್ದು ಕೆಲಸ ಹೋಗುವುದರಲ್ಲಿದ್ದವನ ಕಥೆಯನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದರು. ಹಾಗಾಗಿ ಆ ಮನುಷ್ಯ ನೆಗಡಿಗೂ ಶುಂಠಿ ನೀರೇ ಕುಡಿಯುವವನು.

ಬಂದ ತಟ್ಟೆಯನ್ನು ನಮ್ಮಲ್ಲಿ ಬರಿದೇ ಕಳಿಸುವ ಪದ್ಧತಿಯಿಲ್ಲ. ಚಾಕೊಲೇಟು, ಬಿಸ್ಕತ್ತು ಇಟ್ಟೆ. ಆಮೇಲೆ ಚೀಟಿಯಲ್ಲಿದ್ದ ಗಾಢ ನಿದ್ದೆ ನೆನಪಾಯಿತು. ಸಣ್ಣ ಸ್ಟೀಲ್ ಡಬ್ಬಿಗೆ ಆ ಹಸಿರು ಉಂಡೆ ಮೂರು ಹಾಕಿ ಕೊಟ್ಟೆ.

"ಇದು ಹೂವಿನ ಟೀ ಅಕ್ಕಾ, ಕೆನಡಾದ್ದು. ನಿದ್ದೆಗೆ ಒಳ್ಳೇದಂತೆ. ಮಾತ್ರೆ ಅಲ್ಲ, ಬರೀ ಗಿಡಮೂಲಿಕೆ. ಚೆನ್ನಾಗಿ ಕುದಿಸಿ ಕೊಡಿ."

"ನೀವು ಓದಿ ನೋಡಿದ್ದೀರಲ್ಲ? ಹಾಗಾದ್ರೆ ಆಯ್ತು," ಎಂದು ತಟ್ಟೆ ಎತ್ತಿಕೊಂಡು ಹೋದರು.

ನೆಂಟ ಎದ್ದದ್ದು ಹತ್ತು ಗಂಟೆಗೆ. ಮುಖ ತೊಳೆದು ಬಂದವನು ಮೇಜಿನ ಮೇಲೆ ಕಣ್ಣಾಡಿಸಿದ.

"ವೊನಿ, ಇಲ್ಲೊಂದು ನೇರಳೆ ಡಬ್ಬ ಇತ್ತಲ್ಲ?"

"ಶೆಲ್ಫಿಗೆ ಇಟ್ಟೆ ಬಾಬ. ಒಂದು ಕಪ್ ಮಾಡ್ಲಾ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ವೊನಿ, ಅದು ಕುಡಿಯುದಲ್ಲ! ನಿದ್ದೆಗಣ್ಣಲ್ಲಿ ನನ್ನದನ್ನೂ ಸುರಿದುಬಿಟ್ಟೆ ನಾನು."

ಡಬ್ಬವನ್ನು ತಾನೇ ಇಳಿಸಿ, ತೆರೆದು, ಒಂದು ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದ. ಆಮೇಲೆ ನಡೆದದ್ದನ್ನು ನೆನೆಸಿದರೆ ಈಗಲೂ ಅಸಹ್ಯವಾಗುತ್ತದೆ. ಅಕ್ಕಸಾಲಿಗ ಆಭರಣ ತೋರಿಸುವ ಹಾಗೆ ನನಗೆ ಅದನ್ನು ತೋರಿಸಿದ. ಇದರ ತಾಯಿ ಗಿಡ ಒಂದು ಜಾತಿಯದು, ಮೈ ಭಾರವಾಗಿಸಿ ಮಲಗಿಸುವುದು. ತಂದೆ ಗಿಡ ಇನ್ನೊಂದು, ನಗು ತರಿಸುವುದು. ಎರಡನ್ನೂ ಕೂಡಿಸಿ ಬೆಳೆದದ್ದಕ್ಕೆ ಹೈಬ್ರಿಡ್. ಈ ಬಿಳಿ ಹರಳೇ ಅದರ ಸತ್ವ. ಹರಳು ಹೆಚ್ಚಿದ್ದಷ್ಟೂ ಮಾಲು ಮೇಲು.

"ಎಳೆಯುವಾಗ ಮೊದಲು ವೆನಿಲ್ಲಾ ಬರ್ತದೆ ವೊನಿ. ನಂತರ ಬೆಣ್ಣೆ. ಹೊಗೆ ಬಿಟ್ಟ ಮೇಲೆ ನಾಲಿಗೆಯಲ್ಲಿ ಬೇಕರಿ ರುಚಿ ಉಳೀತದೆ, ನಿಮ್ಮ ಕ್ರಿಸ್ಮಸ್ ಕೇಕಿನ ಹಾಗೇ. ಡೆಸರ್ಟ್ ಅಂತಲೇ ಹೇಳುದು ಈ ಬಗೆಗೆ. ಊಟ ಆದ ಮೇಲೆ ಎರಡು ದಮ್ಮು."

"ಯಾವ ಗಿಡ ಬಾಬ?"

"ಗಾಂಜಾ. ಮತ್ತೆಂತ? ಅಲ್ಲಿ ಕಳೆದ ವರ್ಷದಿಂದ ಲೀಗಲ್. ಅಂಗಡಿಗೆ ಅಜ್ಜ-ಅಜ್ಜಿಯರೂ ಬರ್ತಾರೆ."

ನಾನು ನನ್ನ ಬೆರಳನ್ನು ಮೂಸಿದೆ. ಎರಡು ಗಂಟೆಯ ಹಿಂದೆ ಸಾಬೂನು ಹಚ್ಚಿ ತೊಳೆದ ಬೆರಳು. ಇನ್ನೂ ಇತ್ತು, ಮೇಲೆ ಕೇಕು, ಕೆಳಗೆ ಕಂಕುಳು. ಶಾಲೆಯ ದಿನಗಳಲ್ಲಿ ಬಂದರಿನ ಗೋದಾಮುಗಳ ಪಕ್ಕದಿಂದ ಹಾಯುವಾಗ ಸಿಸ್ಟರ್ ನಮ್ಮನ್ನು ಸಾಲಿನಲ್ಲಿ ಬೇಗಬೇಗ ನಡೆಸುತ್ತಿದ್ದರು. ಗೋಡೆಗೆ ಒರಗಿ ಕೂತ ಕೆಂಗಣ್ಣಿನ ಗಂಡಸರ ಕಡೆಯಿಂದ ತೇಲಿ ಬರುತ್ತಿದ್ದ ನಾತ ಇದೇ. ಆ ನಾತಕ್ಕೆ ಆಗ ಯಾವ ಅಲಂಕಾರವೂ ಇರಲಿಲ್ಲ. ಅದು ತನ್ನನ್ನು ತಾನು ಗಾಂಜಾ ಎಂದೇ ಹೇಳಿಕೊಳ್ಳುತ್ತಿತ್ತು, ನಾವು ಮೂಗು ಮುಚ್ಚಿ ದಾಟುತ್ತಿದ್ದೆವು. ಈಗ ಅದಕ್ಕೆ ಸಕ್ಕರೆ ಪುಡಿ ಉದುರಿಸಿ, ಅಜ್ಜಿಯ ಏಪ್ರನ್ ಕಟ್ಟಿ, ನನ್ನ ಅಡುಗೆಮನೆಯ ಮಾತುಗಳನ್ನೆಲ್ಲ ಕದ್ದು ತೊಡಿಸಿ ಕಳಿಸಿದ್ದರು. ಬೆಣ್ಣೆ, ಕ್ರೀಮು, ಹಸಿ ಹಿಟ್ಟು. ಬಟ್ಟಲಿಗಂಟಿದ ಹಿಟ್ಟನ್ನು ನೆಕ್ಕಲು ಮಗಳು ಸ್ಟೂಲು ಎಳೆದುಕೊಂಡು ಬರುತ್ತಾಳಲ್ಲ, ಆ ಹಿಟ್ಟು.

"ಇದನ್ನು ಈ ದೇಶದೊಳಗೆ ತಂದಿಯಾ ನೀನು?"

"ಟೀ ಡಬ್ಬ ವೊನಿ, ಯಾರು ನೋಡ್ತಾರೆ? ಹದಿನೈದು ದಿವಸ ಮದುವೆ ಮನೆ. ಇದಿಲ್ಲದೆ ನನಗೆ ನಿದ್ದೆ ಬರುದಿಲ್ಲ."

"ಬಾಬ, ಮೂರು ಉಂಡೆ ನಾನು ಎದುರುಮನೆಗೆ ಕೊಟ್ಟಿದ್ದೇನೆ. ಟೀ ಅಂತ."

ಅವನು ಕೈಯಲ್ಲಿದ್ದ ಉಂಡೆಯನ್ನು ಥಟ್ಟನೆ ಚೀಲಕ್ಕೆ ಹಾಕಿದ. ಆ ಮನೆಯವರು ಯಾರು, ಕುಡಿದರೆ ಅವರಿಗೆ ಏನಾದೀತು ಎಂದು ಕೇಳುತ್ತಾನೆಂದು ಕಾದೆ. ಅವನ ಬಾಯಿಂದ ಮೊದಲು ಬಂದ ಮಾತು ಇದು: "ಅವರು ಪೊಲೀಸಿಗೆ ನನ್ನ ಹೆಸರು ಹೇಳ್ತಾರಾ?"

ಅಕ್ಕನ ಗಂಡ ಅದನ್ನು ಕುಡಿದು, ಒಂದು ಸೀಸೆ ಮೂತ್ರ ಕೊಟ್ಟರೆ ಸಾಕು, ಅವನ ಬದುಕು ಮುಗಿಯಿತು. ನಿದ್ದೆಗೆಟ್ಟು ಬಸ್ಸು ಓಡಿಸುವ, ಕೆಮ್ಮಿಗೂ ಔಷಧಿ ಕುಡಿಯದ ಮನುಷ್ಯ ಜೈಲಿಗೆ, ಅಲ್ಲಿಂದ ವಿಮಾನ ಹತ್ತಿಸಿ ಊರಿಗೆ. ಕೊಟ್ಟವಳು ನಾನು. ಓದಿ ನೋಡಿ ಕೊಟ್ಟವಳು.

ಓಡಿ ಹೋಗಿ ಅವರ ಬಾಗಿಲಿನ ಮುಂದೆ ನಿಂತೆ. ರಾತ್ರಿಪಾಳಿಯ ಮನೆಗಳಲ್ಲಿ ಹಗಲು ಬೆಲ್ ಒತ್ತಬಾರದೆಂದು ಗುಂಡಿಯ ಮೇಲೆ ಟೇಪು ಅಂಟಿಸಿರುತ್ತಾರೆ, ಅವರೂ ಅಂಟಿಸಿದ್ದರು. ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿದೆ. ಮತ್ತೊಮ್ಮೆ ತಟ್ಟಿದೆ. ಅಕ್ಕ ಬರಲಿಲ್ಲ. ಆಮೇಲೆ ನೆನಪಾಯಿತು, ಆ ದಿನ ಅವರ ಮಗನ ಶಾಲೆಯಲ್ಲಿ ಪೋಷಕರ ಮೀಟಿಂಗು. ಫೋನು ಮಾಡಿದರೆ ಸ್ವಿಚ್ ಆಫ್. ಒಳಗೆ ಆಕೆಯ ಗಂಡ ಒಬ್ಬನೇ. ಜೋರಾಗಿ ಬಡಿಯಲೇ? ಬಾಗಿಲು ತೆರೆದರೆ ಏನೆಂದು ಹೇಳಲಿ? ಆರು ವರ್ಷದಲ್ಲಿ ನಾನು ಆತನೊಡನೆ ಒಂದು ಮಾತೂ ಆಡಿರಲಿಲ್ಲ. ನಾನು ಲಿಫ್ಟಿನಲ್ಲಿದ್ದರೆ ಆತ ಹತ್ತುತ್ತಿರಲಿಲ್ಲ, ಕಣ್ಣು ತಗ್ಗಿಸಿ ಮುಂದಿನದಕ್ಕೆ ಕಾಯುತ್ತಿದ್ದ. ನಾನೂ ಆ ಮರ್ಯಾದೆಯನ್ನು ಹಾಗೆಯೇ ಕಾಪಾಡಿಕೊಂಡು ಬಂದಿದ್ದೆ. ವಾಪಸು ಬಂದೆ.

ಉಳಿದದ್ದನ್ನು ಕಕ್ಕಸಿಗೆ ಹಾಕು ಎಂದೆ ನೆಂಟನಿಗೆ. ಅವನು ಚೀಲ ಹಿಡಿದು ನಿಂತ.

"ಸ್ವಲ್ಪ ಇಟ್ಟುಕೊಳ್ತೇನೆ ವೊನಿ. ನಾಳೆ ಹೇಗೂ ಹೋಗ್ತೇನಲ್ಲ. ಎಷ್ಟು ಒಳ್ಳೇ ಹೂವು ಗೊತ್ತುಂಟಾ ಇದು?"

ಜೀವನದಲ್ಲಿ ಮೊದಲ ಸಲ ನೆಂಟನೊಬ್ಬನ ಕೈಯಿಂದ ವಸ್ತುವನ್ನು ಕಿತ್ತುಕೊಂಡೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಉಂಡೆಗಳನ್ನು ಪುಡಿ ಮಾಡಿ ಸುರಿದೆ. ಅವು ಮುಳುಗಲಿಲ್ಲ. ನೀರು ಬಿಟ್ಟರೆ ಸುತ್ತಿ ಸುತ್ತಿ ಮತ್ತೆ ಮೇಲಕ್ಕೇ ಬಂದು ತೇಲುತ್ತಿದ್ದವು. ಟ್ಯಾಂಕು ತುಂಬುವ ತನಕ ಕಾಯಬೇಕು, ಮತ್ತೆ ಬಿಡಬೇಕು. ಒದ್ದೆಯಾದದ್ದೇ ವಾಸನೆ ಇಮ್ಮಡಿಯಾಯಿತು. ಕಕ್ಕಸಿನ ಕುಳಿಯಿಂದ ಹುಟ್ಟುಹಬ್ಬದ ಕೇಕಿನ ಪರಿಮಳ ಏಳುವುದೆಂದರೆ ಹೇಗಿರುತ್ತದೆಂದು ಊಹಿಸಿ. ಮೂರನೆಯ ಸಲ ನೀರು ಬಿಡುವಾಗ ನನಗೇ ವಾಂತಿಯಾಯಿತು. ಆರನೆಯ ಸಲಕ್ಕೆ ಎಲ್ಲ ಹೋಯಿತು. ಚೀಟಿಯನ್ನು ಹರಿದು, ಅಜ್ಜಿಯ ಚಿತ್ರವನ್ನು ಸಣ್ಣಸಣ್ಣ ಚೂರು ಮಾಡಿ, ಅದನ್ನೂ ಬಿಟ್ಟೆ. ಡಬ್ಬವನ್ನು ಡೆಟಾಲಿನಲ್ಲಿ ತೊಳೆದೆ, ಶೆಲ್ಫು ಒರೆಸಿದೆ, ಮೇಜು ಒರೆಸಿದೆ, ಸ್ಕ್ರಬ್ಬರಿನಿಂದ ಕೈಯುಜ್ಜಿದೆ. ಬಚ್ಚಲಿನಿಂದ ಹೊರಗೆ ಬರುವಾಗ ನೆಂಟ ಪತ್ತಿರನ್ನು ಮೀನಿನ ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ. ಬೆರಳು ನೆಕ್ಕಿ, "ಇದು ಮಾತ್ರ ಫಸ್ಟ್ ಕ್ಲಾಸ್," ಎಂದ.

ಒಂದೂಮುಕ್ಕಾಲಿಗೆ ಎದುರು ಬಾಗಿಲಿನ ಸದ್ದು ಕೇಳಿಸಿತು. ಓಡಿ ಹೋಗಿ ನಮ್ಮ ಬಾಗಿಲು ತೆರೆದೆ. ಅಕ್ಕ ಅಲ್ಲ, ಆಕೆಯ ಗಂಡ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಲಿಫ್ಟಿನ ಮುಂದೆ ನಿಂತಿದ್ದ. ಹೆಗಲಿಗೆ ಬ್ಯಾಗು, ಕೈಯಲ್ಲಿ ಉದ್ದನೆಯ ಫ್ಲಾಸ್ಕು. ಕಣ್ಣು ಬಾತುಕೊಂಡಿದ್ದವು. ನನ್ನನ್ನು ಕಂಡು ಎಂದಿನಂತೆ ದೃಷ್ಟಿ ಕೆಳಗಿಳಿಸಿದ. ಫ್ಲಾಸ್ಕಿನಲ್ಲಿ ಏನುಂಟು ಎಂದು ಕೇಳಬೇಕು. ಎರಡೇ ಶಬ್ದ. ತುಟಿಯ ತನಕ ಬಂತು. ಬೇರೆಯವರ ಗಂಡನ ಫ್ಲಾಸ್ಕಿನಲ್ಲಿ ಏನಿದೆ ಎಂದು ಕೇಳುವ ಹೆಂಗಸು ನಾನಲ್ಲ ಎಂದು ಯಾರೋ ಒಳಗಿನಿಂದ ಬಾಯಿ ಮುಚ್ಚಿದರು. ಶಾಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಲಿಫ್ಟು ಬಂತು, ಆತ ಒಳಗೆ ಹೋದ, ಬಾಗಿಲು ಮುಚ್ಚಿತು. ಕೆಳಗೆ ಓಡಿದೆನೇ ಎಂದರೆ ಅದೂ ಇಲ್ಲ. ನಾಲ್ಕನೆಯ ಮಹಡಿ, ಮೆಟ್ಟಿಲು, ನಾನು ನೈಟಿಯಲ್ಲಿ ಶಾಲು ಹೊದ್ದವಳು. ನನ್ನ ಸಭ್ಯತೆಯ ಮೇಲೆ ನನಗೆ ಹೇಸಿಗೆ ಬಂದದ್ದು ಅದೊಂದೇ ಸಲ. ನೆಂಟನ ಬಗ್ಗೆ ಬೆಳಗಿನಿಂದ ಇದ್ದ ಹೇಸಿಗೆಗಿಂತ ಅದು ಒಂದು ತೂಕ ಹೆಚ್ಚೇ ಇತ್ತು.

ಮೂರು ಗಂಟೆಗೆ ಅಕ್ಕ ಮಗನ ಜೊತೆ ಬಂದರು. ಬೀಗ ತೆಗೆಯುವ ಮೊದಲೇ ಹಿಡಿದುಕೊಂಡೆ.

"ಅಕ್ಕಾ, ಬೆಳಿಗ್ಗೆ ಕೊಟ್ಟದ್ದು ಎಲ್ಲಿ?"

"ಆ ಟೀಯಾ? ಮೀಟಿಂಗಿಗೆ ಹೋಗುವ ಮೊದಲೇ ಕುದಿಸಿ ಫ್ಲಾಸ್ಕಿಗೆ ಹಾಕಿದೆ. ಮನೆಯಲ್ಲಿ ಕುಡಿದ್ರೆ ಡ್ಯೂಟಿಗೆ ಏಳ್ಲಿಕ್ಕೆ ಆಗ್ಲಿಕ್ಕಿಲ್ಲ ಅಂತ ಅವರೇ ಹೇಳಿದ್ರು. ಸಂಜೆ ಸೈಟಿನಲ್ಲಿ ಬಸ್ ನಿಲ್ಲಿಸಿದ ಮೇಲೆ ಮೂರು ಗಂಟೆ ರೆಸ್ಟ್ ಉಂಟಲ್ಲ, ಆಗ ಕುಡಿದು ಸೀಟಿನಲ್ಲೇ ಒರಗ್ತಾರಂತೆ. ಯಾಕೆ ಬಾಯಮ್ಮ, ಮುಖ ಯಾಕೆ ಹೀಗೆ?"

ಮನಸ್ಸಿನಲ್ಲಿ ಸುಳ್ಳೊಂದು ತಯಾರಿತ್ತು. ಡಬ್ಬದ ತಾರೀಕು ಮುಗಿದಿದೆ, ಹೊಟ್ಟೆ ಕೆಡುತ್ತದೆ ಎಂದು. ಆದರೆ ತಾರೀಕು ಮುಗಿದ ಟೀಯನ್ನು ನಮ್ಮೂರಿನವರು ಯಾರು ಚೆಲ್ಲುತ್ತಾರೆ? ಕುಡಿದು ನೋಡೋಣ ಎನ್ನುತ್ತಾರೆ. ಅಕ್ಕನ ಮಗನನ್ನು, ಶಾಲೆಯಿಂದ ಬಂದಿದ್ದ ನಮ್ಮ ಮಗಳ ಜೊತೆ ಟೀವಿಯ ಮುಂದೆ ಕೂರಿಸಿ, ಆಕೆಯನ್ನು ಆಕೆಯದೇ ಅಡುಗೆಮನೆಗೆ ಕರೆದುಕೊಂಡು ಹೋಗಿ, ಎಲ್ಲವನ್ನೂ ಹೇಳಿದೆ. ಗಾಂಜಾ ಎಂಬ ಶಬ್ದವನ್ನು ನಾನು ಬಾಯಿಬಿಟ್ಟು ಹೇಳಿದ್ದು ಆಯುಷ್ಯದಲ್ಲಿ ಅದೇ ಮೊದಲು. ನನ್ನ ಗಂಡನ ಕೆಲಸ, ನೆಂಟನ ಗತಿ, ನನ್ನ ಮಗಳ ಶಾಲೆ, ಎಲ್ಲವೂ ಆ ಕ್ಷಣದಲ್ಲಿ ಆಕೆಯ ಕೈಗೆ ಹೋಯಿತು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು. ನನ್ನನ್ನು ನೋಡಿದ ಆ ನೋಟ, ಕಾಲಡಿಯಲ್ಲಿ ಏನನ್ನೋ ತುಳಿದವರ ನೋಟ. ನನಗೆ ಅದು ಸಲ್ಲಬೇಕಾದದ್ದೇ. ಆಮೇಲೆ ಫೋನು ತೆಗೆದು ಗಂಡನಿಗೆ ಮಾಡಿದರು. ಎತ್ತಲಿಲ್ಲ, ಓಡಿಸುವಾಗ ಫೋನು ಮುಟ್ಟುವಂತಿಲ್ಲ. ಮತ್ತೆ ಮಾಡಿದರು. ಮೆಸೇಜಿನಲ್ಲಿ ಬರೆಯಲಿಕ್ಕೂ ಆಗದ ಮಾತು. ಆ ಅಡುಗೆಮನೆಯಲ್ಲಿ ನಾವಿಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ಟೀ ಕುದಿಸಿದ ಪಾತ್ರೆ ಸಿಂಕಿನಲ್ಲೇ ಇತ್ತು, ತಳದಲ್ಲಿ ಹಸಿರು ಗಸಿ. ನಾನು ಎದ್ದು ಅದನ್ನು ತೊಳೆದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಆತನೇ ಫೋನು ಮಾಡಿದ. ಅಕ್ಕ ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ನನಗೆ ಅರ್ಧ ಅರ್ಥವಾಗುತ್ತದೆ. ಫ್ಲಾಸ್ಕು ತೆರೆದಿರಾ? ಇಲ್ಲವಂತೆ, ಸೈಟಿನ ಕೆಫೆಟೇರಿಯದಲ್ಲಿ ಯಾರೋ ಕರಕ್ ಎಂಬ ಗಟ್ಟಿ ಹಾಲಿನ ಚಾ ಕೊಡಿಸಿದರಂತೆ. ಹಾಗಾದರೆ ತೆರೆಯಬೇಡಿ ಎಂದು ಅಕ್ಕ ಸುಳ್ಳೊಂದನ್ನು ಹೂಡಿದರು. ನಾನು ಕುದಿಸುವಾಗ ಅದರಲ್ಲಿ ಹಲ್ಲಿ ಬಿದ್ದಿತ್ತು, ಈಗ ಪಾತ್ರೆಯಲ್ಲಿ ಬಾಲ ಸಿಕ್ಕಿತು. ಮರಳಿಗೆ ಚೆಲ್ಲಿ, ಫ್ಲಾಸ್ಕನ್ನೂ ಬಿಸಾಡಿ, ಮನೆಗೆ ತರಬೇಡಿ. ಆ ಕಡೆಯಿಂದ ಆತ ಬೈಯುವುದು ನನಗೂ ಕೇಳಿಸಿತು. ಮದುವೆಯಾದಂದಿನಿಂದಲೂ ನಿನ್ನ ಕಣ್ಣು ಎಲ್ಲಿರುತ್ತದೆ ಎಂದು. ನನಗೆ ಬರಬೇಕಾದ ಬೈಗುಳವನ್ನು ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡರು. ಫೋನು ಇಟ್ಟು, "ಚೆಲ್ಲಿದರು," ಎಂದರು. ಅಷ್ಟೇ. ನಾನು ಅವರ ಕೈ ಹಿಡಿಯಲು ಹೋದೆ. ನನ್ನ ಕೈ ಆ ಅಂಟಿನಿಂದ ಅಸಹ್ಯವಾದದ್ದೆಂದು ನನಗೇ ಅನ್ನಿಸಿ ಹಿಂದೆ ತೆಗೆದುಕೊಂಡೆ.

ಗಂಡ ಆರೂಕಾಲಿಗೆ ಬಂದರು. ಬಚ್ಚಲಿನ ನಲ್ಲಿ ಬಿಟ್ಟು, ಬಾಗಿಲು ಹಾಕಿ, ಕಿವಿಯಲ್ಲಿ ಹೇಳಿದೆ. ಅವರು ತೊಟ್ಟಿದ್ದ ವರ್ಕ್‌ಶಾಪಿನ ಬಟ್ಟೆಗೆ ವೆಲ್ಡಿಂಗಿನ, ಡೀಸೆಲಿನ ವಾಸನೆ. ಆ ದಿನ ಅದರಷ್ಟು ಪ್ರಾಮಾಣಿಕ ವಾಸನೆ ಬೇರೆ ಇರಲಿಲ್ಲ. ಹೊರಗೆ ಹೋಗಿ ಮಾವನ ಮಗನಿಗೆ, "ಬ್ಯಾಗ್ ಕಟ್ಟು. ಇವತ್ತಿನ ಫ್ಲೈಟಿಗೆ ಟಿಕೆಟ್ ಬದಲಿಸ್ತೇನೆ," ಎಂದರು. ಅವನು ನನ್ನ ಕಡೆ ನೋಡಿ, "ವೊನಿ, ಇಷ್ಟಕ್ಕೆಲ್ಲ..." ಎಂದ. ನಾನು ಸೋಫಾದ ಮೇಲಿದ್ದ ಅವನ ಹೊದಿಕೆಯನ್ನು ಮಡಚಲಿಲ್ಲ; ಚಿಮುಟದಂತೆ ಎರಡೇ ಬೆರಳಲ್ಲಿ ಎತ್ತಿ ವಾಷಿಂಗ್ ಮೆಷಿನ್ನಿಗೆ ಹಾಕಿದೆ. ಅಲ್ಲಿಂದಾಚೆ ಎರಡು ಕ್ರಿಸ್ಮಸ್ಸಿಗೆ ನನ್ನ ಕೇಕಿನಲ್ಲಿ ವೆನಿಲ್ಲಾ ಇರಲಿಲ್ಲ. ಕಿತ್ತಳೆ ಸಿಪ್ಪೆ ತುರಿದು ಹಾಕುತ್ತಿದ್ದೆ. ಬಾಟಲಿಯ ಮುಚ್ಚಳ ತೆರೆದರೆ ಅದರಡಿಯಿಂದ ಇನ್ನೊಂದು ವಾಸನೆ ಏಳುತ್ತದೆಂದು ಕಾಯುವುದೇ ಆಗಿತ್ತು ಮೂಗಿಗೆ.

ಆ ಸಂಜೆ ಗಂಡ, ನೆಂಟ ಇಬ್ಬರೂ ಏರ್‌ಪೋರ್ಟಿಗೆ ಹೊರಟ ಮೇಲೆ ಕಸದ ಚೀಲ ಹಿಡಿದು ಕಾರಿಡಾರಿಗೆ ಬಂದೆ. ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿದಿತ್ತು. ಅಕ್ಕನೂ ಕಸದ ಚೀಲ ಹಿಡಿದು ಬಂದರು. ತಲೆಯ ಮೇಲೆ ನಮಾಜಿನ ಬಿಳಿ ಬಟ್ಟೆ ಇನ್ನೂ ಇತ್ತು. ನಾನು ಕಸ ಕೆಳಗೆ ಜಾರಿಸುವ ಚ್ಯೂಟಿನ ಬಾಗಿಲನ್ನು ಅವರಿಗಾಗಿ ಎತ್ತಿ ಹಿಡಿದೆ. ಅವರು ತಮ್ಮ ಚೀಲವನ್ನು ಒಳಗೆ ದೂಡಿ, ಅದು ಕೆಳಗೆ ಬಿದ್ದ ಸದ್ದು ಕೇಳುವ ತನಕ ನಿಂತು, ಕೈ ಕೊಡವಿಕೊಂಡರು.

"ಆದ್ರೂ ಎಂಥ ನಾತ ಬಾಯಮ್ಮ ಅದು! ಬೇರೆ ಯಾರಾದ್ರೂ ಕೊಟ್ಟದ್ದಾದ್ರೆ ಆಗ್ಲೇ ಸಿಂಕಿಗೆ ಚೆಲ್ತಿದ್ದೆ. ನೀವು ಕೊಟ್ಟದ್ದಲ್ವಾ ಅಂತ ಮೂಗು ಮುಚ್ಚಿಕೊಂಡು ಕುದಿಸಿದೆ," ಎಂದು ಹೇಳಿ, ಚಪ್ಪಲಿ ಎಳೆಯುತ್ತಾ ಒಳಗೆ ಹೋದರು.